ನಂಜುಂಡಯ್ಯನವರ ಮನೆಗೆ ಹೋದ ಬಾವಿ

ನಮ್ಮ ಬಾವಿ ಮನೆ ಬಿಟ್ಟು ಹೋದದ್ದು ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಇನ್ನೆರಡು ದಿನ ಇದೆ ಎನ್ನುವಾಗ. ಮಗಳು ದಾಕ್ಷಾಯಿಣಿ ಹೊಸ ಅಳಿಯನನ್ನು ಕರೆದುಕೊಂಡು ಮೊದಲ ಹಬ್ಬಕ್ಕೆ ಬರುವವಳಿದ್ದಳು. ನಮ್ಮ ಊರಿನಲ್ಲಿ ಬಾವಿಗಳು ಆಗಾಗ ಹೀಗೆ ಹೋಗುತ್ತವೆ, ಅದರಲ್ಲಿ ಬಾಯಿ ಬಿಡುವಂಥದ್ದೇನೂ ಇಲ್ಲ. ಆದರೆ ಹೋಗುವುದಕ್ಕೂ ಒಂದು ಹೊತ್ತುಗೊತ್ತು ಬೇಡವೇ?

ನಮ್ಮ ಯಜಮಾನರು ಷಡಕ್ಷರಪ್ಪನವರು ಬಚ್ಚಲಲ್ಲಿದ್ದರು. ಮೈತುಂಬ ಸೋಪು ಹಚ್ಚಿಕೊಂಡ ಮೇಲೆ ನಲ್ಲಿ ನಿಂತಿತು.

"ಗಂಗಾ, ಮೋಟರ್ ಹಾಕೇ!"

"ಹಾಕಿದೀನ್ರೀ. ಓಡ್ತಾ ಇದೆ."

"ಮತ್ತೆ ನೀರೆಲ್ಲಿ? ಕಣ್ಣು ಉರೀತಾ ಇದೆ!"

ನಲ್ಲಿಯಿಂದ ವಯಸ್ಸಾದವರ ಕೆಮ್ಮಿನಂಥ ಸದ್ದು ಬಂತು, ಆಮೇಲೆ ಅದೂ ನಿಂತಿತು. ಹಿತ್ತಿಲಿಗೆ ಹೋಗಿ ನೋಡಿದೆ. ಮೋಟರು ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು. ಅದರ ಪೈಪು ಹುಲ್ಲಿನ ಮೇಲೆ ಕಾಲು ಚಾಚಿ ಮಲಗಿತ್ತು. ಬಾವಿ ಇದ್ದಲ್ಲಿ ಸಾರಿಸಿ ಗುಡಿಸಿದಂಥ ನೆಲ. ಕಟ್ಟೆಯಿಲ್ಲ, ರಾಟೆಯಿಲ್ಲ, ಕಟ್ಟೆಯ ಮೇಲೆ ಒಣಗಲು ಹಾಕಿದ್ದ ನನ್ನ ಹುಣಸೆಹಣ್ಣೂ ಇಲ್ಲ. ಹೋಗುವಾಗ ಅದನ್ನೂ ಹೊತ್ತುಕೊಂಡು ಹೋಗಿತ್ತು.

ಒಳಗೆ ಇದ್ದದ್ದು ಒಂದೇ ಒಂದು ತಂಬಿಗೆ ನೀರು. ಸೋಪು ತೊಳೆಯಲೋ, ಕಾಫಿ ಮಾಡಲೋ ಎಂದು ಬಚ್ಚಲ ಬಾಗಿಲಲ್ಲಿ ನಿಂತು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ "ಕಾಫಿ" ಎಂದರು. ಟವೆಲಿನಲ್ಲಿ ಒರೆಸಿಕೊಂಡು, ಘಮಘಮಿಸುತ್ತ ತಮ್ಮ ಫೋಟೋಗೆ ಕಟ್ಟು ಹಾಕುವ ಅಂಗಡಿಗೆ ಹೊರಟರು. ಮಧ್ಯಾಹ್ನದ ಹೊತ್ತಿಗೆ ಸೋಪು ಒಣಗಿ ಮುಖವೆಲ್ಲ ಬಿಗಿದು, ಗಿರಾಕಿಗಳ ಎದುರು ನಗುವುದಕ್ಕೂ ಆಗಲಿಲ್ಲವಂತೆ. ಇನ್ನು ನನ್ನ ಪೂರ್ತಿ ಹೆಸರು ಗಂಗಾಂಬಿಕೆ. ಆ ದಿನ ಓಣಿಯಲ್ಲಿ ಈ ಹೆಸರು ಹಿಡಿದು ತಮಾಷೆ ಮಾಡದವರು ಯಾರೂ ಉಳಿಯಲಿಲ್ಲ.

ಬಾವಿ ಹೋದ ಮನೆಗೆ ಮಾತಾಡಿಸಲು ಬರುವುದು ನಮ್ಮಲ್ಲಿ ರೂಢಿ. ಎದುರು ಮನೆ ಹಾಲಮ್ಮ ಎಲ್ಲರಿಗಿಂತ ಮೊದಲು ಬಂದರು.

"ಯಾವಾಗ ಹೋಯ್ತು?"

"ಬೆಳಿಗ್ಗೆ."

"ಪಾಪ. ನಿನ್ನೆ ಸಂಜೆ ಚೆನ್ನಾಗೇ ಇತ್ತಲ್ಲ."

ಹೀಗೆ ಒಬ್ಬೊಬ್ಬರೇ ಬಂದು ನಿಟ್ಟುಸಿರುಬಿಟ್ಟು ಕುಳಿತರು. ಬಂದವರಿಗೆ ಕಾಫಿ ಕೊಡದೆ ಕಳಿಸಲಾಗುತ್ತದೆಯೇ? ಪಕ್ಕದ ಮನೆಯಿಂದ ಬೇಡಿ ತಂದ ಒಂದು ಬಿಂದಿಗೆ ನೀರು, ನೀರು ಹೋಯಿತಲ್ಲ ಎಂದು ಮರುಗಲು ಬಂದವರ ಕಾಫಿಗೇ ಖರ್ಚಾಯಿತು. ಹೊರಡುವಾಗ ಹಾಲಮ್ಮ ಬಾಗಿಲಲ್ಲಿ ನಿಂತು, ಸೆರಗಿನಿಂದ ಬಾಯಿ ಒರೆಸಿಕೊಂಡು, ಹೇಳಬೇಕೆಂದೇ ಬಂದಿದ್ದ ಮಾತನ್ನು ಹೇಳಿದರು. "ಹೇಳಬಾರದು ಅಂತಿದ್ದೆ ಗಂಗಕ್ಕ. ನಿಮ್ಮ ಬಾವಿ ಕ್ಲಾರಿನೆಟ್ ನಂಜುಂಡಯ್ಯನೋರ ಮನೇಲಿದೆ."

ಬಾವಿ ಯಾಕೆ ಹೋಯಿತು ಎಂದು ಕೇಳುವ ಅಭ್ಯಾಸ ನಮ್ಮ ಊರಿನಲ್ಲಿಲ್ಲ. ಎಲ್ಲಿಗೆ ಹೋಯಿತು ಎಂದಷ್ಟೇ ಕೇಳುತ್ತೇವೆ. ನಮ್ಮ ಬಾವಿಗೆ ಊರಿನಲ್ಲಿ ಇನ್ನೆಲ್ಲಿಯೂ ಜಾಗವಿರಲಿಲ್ಲವೇ ಎಂದು ನಾನು ಹಣೆಹಣೆ ಚಚ್ಚಿಕೊಂಡೆ.

ನಂಜುಂಡಯ್ಯನವರು ಬ್ಯಾಂಡ್ ಸೆಟ್ಟಿನ ಯಜಮಾನರು. ಅವರೂ ನಮ್ಮವರೂ ಒಂದು ಕಾಲದಲ್ಲಿ ಒಂದೇ ಎಲೆಯಡಿಕೆಯನ್ನು ಹರಿದು ಹಂಚಿಕೊಳ್ಳುತ್ತಿದ್ದವರು. ಆಮೇಲೆ ನಂಜುಂಡಯ್ಯನವರಿಗೆ ಊರಿನವರು ಸನ್ಮಾನ ಮಾಡಿದರು. ಕ್ಲಾರಿನೆಟ್ ಊದುತ್ತಿರುವ ಅವರ ದೊಡ್ಡ ಫೋಟೋವನ್ನು ಕಟ್ಟು ಹಾಕಲು ನಮ್ಮವರಿಗೆ ಕೊಟ್ಟರು. ಅಂಗಡಿಯಲ್ಲಿದ್ದ ಕಟ್ಟು ಫೋಟೋಗಿಂತ ಚಿಕ್ಕದು. ನಮ್ಮವರು ಫೋಟೋವನ್ನು ಕೆಳಗಡೆಯಿಂದ ಕತ್ತರಿಸಿದರು. ಕ್ಲಾರಿನೆಟ್ಟಿನ ಮೇಲಿನ ತುದಿಯಷ್ಟೇ ಉಳಿದು, ನಂಜುಂಡಯ್ಯನವರು ಶಾಲು ಹೊದ್ದು, ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ ಬೀಡಿ ಸೇದುತ್ತಿರುವ ಹಾಗೆ ಕಂಡರು. ಅವರು ಅದನ್ನು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟು, "ಇವನ ಕೈಗೆ ದೇವರ ಪಟ ಕೊಟ್ರೆ ಕಟ್ಟಿಗೆ ಸರಿಹೋಗಲಿ ಅಂತ ತಲೇನೇ ತೆಗೀತಾನೆ" ಎಂದು ಊರಿಗೆಲ್ಲ ಕೇಳುವಂತೆ ಕೂಗಿ ಹೋದರು. ದೇವರ ಪಟದ ವ್ಯಾಪಾರ ಆ ವರ್ಷ ನಿಂತೇ ಹೋಯಿತು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕಂಡರೆ ಬೀದಿ ಬದಲಾಯಿಸುತ್ತಾರೆ.

ಹೋದ ಬಾವಿಯ ವಿಷಯದಲ್ಲಿ ನಮ್ಮ ಊರಿನ ಕಟ್ಟಳೆ ಒಂದೇ. ಬಾವಿ ಯಾರ ಮನೆಯಲ್ಲಿ ಕೂತಿತೋ ಆ ಮನೆಯ ಯಜಮಾನ, ಬಾವಿ ಕಳೆದುಕೊಂಡ ಯಜಮಾನನನ್ನು ಎದುರಿಗೆ ಕರೆದು "ಬಾ, ನೀರು ತಗೊಂಡು ಹೋಗು" ಎನ್ನಬೇಕು. ಹಾಗೆ ಕರೆಯದೆ ಹೊತ್ತ ನೀರು ಬೀದಿ ದಾಟುವುದಿಲ್ಲ, ಬಾವಿಯೂ ವಾಪಸು ಹೋಗುವ ಯೋಚನೆ ಮಾಡುವುದಿಲ್ಲ. ಹೆಂಗಸರು ಕರೆದರೆ ನಡೆಯುವುದಿಲ್ಲ. ನಡೆಯುವ ಹಾಗಿದ್ದಿದ್ದರೆ ನಂಜುಂಡಯ್ಯನವರ ಹೆಂಡತಿ ಸರ್ವಮಂಗಳಕ್ಕನೂ ನಾನೂ ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆವು.

"ಅವನ ಹತ್ರ ನೀರು ಕೇಳೋದಾ?" ಎಂದರು ನಮ್ಮವರು. "ಬೇಕಾದ್ರೆ ಸೋಡಾದಲ್ಲಿ ಸ್ನಾನ ಮಾಡ್ತೀನಿ."

"ಅಳಿಯಂದ್ರು?"

"ಅವರಿಗೂ ಸೋಡಾ."

ಬಾವಿ ಇಲ್ಲದ ಮನೆಗಳಿರುವ ಹಿಂದಿನ ಬೀದಿಗೆ ಪುರಸಭೆಯ ನೀರಿನ ಲಾರಿ ದಿನ ಬಿಟ್ಟು ದಿನ ಬರುತ್ತದೆ. ಪ್ಲಾಸ್ಟಿಕ್ ಕೊಡ ಹಿಡಿದು ಅಲ್ಲಿ ಹೋಗಿ ನಿಂತೆ. "ಬಾವಿ ಮನೆಯೋರು ಬಂದ್ರು, ದಾರಿ ಬಿಡ್ರಮ್ಮಾ" ಎಂದು ಒಬ್ಬಳು ಹೇಳಿದಳು, ಯಾರೂ ದಾರಿ ಬಿಡಲಿಲ್ಲ. ಸಿಕ್ಕಿದ್ದು ಎರಡು ಕೊಡ. ಆ ನೀರನ್ನು ನಾನು ಹೇಗೆ ಬಳಸಿದೆ ಎಂದರೆ, ಅಕ್ಕಿ ತೊಳೆದದ್ದು ಸೊಪ್ಪಿಗೆ, ಸೊಪ್ಪು ತೊಳೆದದ್ದು ಪಾತ್ರೆಗೆ, ಪಾತ್ರೆ ತೊಳೆದದ್ದು ಪಾಯಿಖಾನೆಗೆ. ನಾಲ್ಕು ಆಶ್ರಮಗಳನ್ನೂ ದಾಟದೆ ನಮ್ಮ ಮನೆಯ ಯಾವ ಹನಿಗೂ ಮುಕ್ತಿ ಇರಲಿಲ್ಲ. ಊಟಕ್ಕೆ ಬಾಳೆಲೆ ಹಾಕಿದೆ. ಕೈ ತೊಳೆಯಲು ಎದ್ದ ಯಜಮಾನರಿಗೆ ಹಳೆಯ ಪೇಪರು ಕೊಟ್ಟೆ. ಇಷ್ಟಾದರೂ ಅಭ್ಯಾಸ ಬಿಡಬೇಕಲ್ಲ, ಹೋಗುತ್ತ ಬರುತ್ತ ನಲ್ಲಿ ತಿರುಗಿಸಿ, ಅದರ ಮುಂದೆ ಕೈಯೊಡ್ಡಿ ನಿಲ್ಲುತ್ತಿದ್ದೆ.

ಮಾರನೆಯ ದಿನ ಬೆಳಿಗ್ಗೆ ಮಗಳು ಅಳಿಯ ಬಂದರು. ಅಳಿಯನ ಹೆಸರು ಪಂಚಾಕ್ಷರಿ. ಸಂಬಂಧ ಗೊತ್ತಾದ ದಿನದಿಂದಲೂ ನಮ್ಮವರು "ಮಾವನಿಗಿಂತ ಒಂದು ಅಕ್ಷರ ಕಡಿಮೆ" ಎಂದು ಹೇಳಿ ತಾವೇ ನಗುತ್ತಿದ್ದರು. ಹುಡುಗ ಹೊಳೆದಂಡೆಯ ಊರಿನವನು, ಅಲ್ಲಿ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರು. ಒಳ್ಳೆಯವನೇ, ಆದರೆ ಸ್ನಾನದ ಹುಚ್ಚು. ಚೀಲ ಕೆಳಗಿಟ್ಟವನೇ, "ಅತ್ತೆ, ಬಸ್ಸಿನ ಧೂಳು. ಒಂದು ಸ್ನಾನ ಮಾಡಿಬಿಡ್ತೀನಿ" ಎಂದು ಟವೆಲು ತೆಗೆದ.

"ಬೇಡಿ!" ಎಂದು ನಮ್ಮವರು ಎದ್ದು ನಿಂತೇಬಿಟ್ಟರು. "ನಮ್ಮಲ್ಲಿ ಪದ್ಧತಿ ಇಲ್ಲ."

"ಸ್ನಾನ ಮಾಡೋದಾ ಮಾವ?"

"ಹಾಗಲ್ಲ. ಮೊದಲ ಹಬ್ಬಕ್ಕೆ ಬಂದ ಅಳಿಯ ಎಣ್ಣೆಸ್ನಾನಕ್ಕೆ ಮುಂಚೆ ಮೈಗೆ ನೀರು ತಾಗಿಸಬಾರದು. ಹಿರಿಯರ ಕಾಲದಿಂದ ಬಂದದ್ದು."

"ಕೈಕಾಲು ತೊಳೀಬಹುದಾ?"

ನಮ್ಮವರು ನನ್ನ ಮುಖ ನೋಡಿದರು. ನಾನು ಒಳಗಿನ ಕೊಡವನ್ನು ನೆನೆಸಿಕೊಂಡು ತಲೆಯಾಡಿಸಿದೆ. "ಬೆರಳು ತೊಳೀಬಹುದು" ಎಂದರು.

ಪಂಚಾಕ್ಷರಿ ಬಹಳ ಭಕ್ತಿಯಿಂದ ಬೆರಳು ತೊಳೆದುಕೊಂಡ. ದಾಕ್ಷಿ ಸೀದಾ ಅಡಿಗೆಮನೆಗೆ ಬಂದು ನಲ್ಲಿ ತಿರುಗಿಸಿ ನೋಡಿದಳು.

"ಬಾವಿ ಹೋಯ್ತಾ ಅಮ್ಮಾ?"

"ಹೂಂ."

"ಯಾರ ಮನೆಗೆ?" ಹೇಳಿದೆ. "ಅಪ್ಪನಿಗೆ ಸರಿಯಾಯ್ತು" ಎಂದಳು.

"ಅಳಿಯಂದ್ರಿಗೆ ನಮ್ಮೂರಿನ ಬಾವಿ ವಿಷಯ ಹೇಳಿಲ್ವೇನೇ?"

"ಮದುವೆ ಮಾತುಕತೇಲಿ ಅದನ್ನೆಲ್ಲ ಹೇಳೋಕಾಗತ್ತಾ? ನೀನೇ ಹೇಳಬೇಡ ಅಂದಿದ್ದೆ" ಎಂದಳು. ನಾನು ಸೊಪ್ಪು ಬಿಡಿಸತೊಡಗಿದೆ.

ಮಧ್ಯಾಹ್ನ ಊಟವಾಗಿ ಎಲ್ಲರೂ ಅಡ್ಡಾದಾಗ, ನಮ್ಮವರು ತಾಮ್ರದ ಕೊಡವನ್ನು ಟವೆಲಿನಲ್ಲಿ ಸುತ್ತಿ ಹಿತ್ತಿಲ ಬಾಗಿಲಿನಿಂದ ಹೊರಟದ್ದನ್ನು ಕಂಡೆ. ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ವಾಪಸು ಬಂದು, ಕೊಡವನ್ನು ಬೋರಲು ಹಾಕಿ ತೋರಿಸಿದರು. ಒಂದು ಹನಿಯೂ ಬೀಳಲಿಲ್ಲ.

"ತುಂಬಿಸಿದ್ದೆ ಗಂಗಾ. ಬೀದಿಯ ಈ ಪಕ್ಕಕ್ಕೆ ಕಾಲಿಡೋವರೆಗೂ ಭಾರ ಇತ್ತು."

"ಕರೆಯದೆ ತಂದ ನೀರು ನಿಲ್ಲಲ್ಲ ಅಂತ ಗೊತ್ತಿಲ್ವೇನ್ರೀ?"

"ಗೊತ್ತಿತ್ತು. ನನ್ನ ಬಾವಿ, ನನ್ನ ಕೊಡ, ಒಂದು ದಾಕ್ಷಿಣ್ಯ ಇರಬಹುದು ಅಂದುಕೊಂಡೆ." ಕುಳಿತು ಹೆಗಲು ಒತ್ತಿಕೊಂಡರು. ಆಮೇಲೆ ಅವರ ಮುಖದಲ್ಲಿ ನಿಧಾನವಾಗಿ ಒಂದು ನಗು ಮೂಡಿತು. "ಬಾವಿ ಎಲ್ಲಿ ಕೂತಿದೆ ಗೊತ್ತಾ? ಹಿತ್ತಿಲಲ್ಲಲ್ಲ. ನಡುಮನೆಗೂ ಅಡಿಗೆಮನೆಗೂ ಮಧ್ಯೆ ಬಾಗಿಲಿದೆಯಲ್ಲ, ಸರಿಯಾಗಿ ಅಲ್ಲಿ. ಈ ಕಡೆಯಿಂದ ಆ ಕಡೆಗೆ ಇಲಿ ಕೂಡ ಹೋಗೋಕಾಗಲ್ಲ."

ಸಂಜೆ ಪಂಚಾಕ್ಷರಿ ಮೈ ಕೆರೆದುಕೊಳ್ಳುತ್ತ "ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ" ಎಂದು ಹೊರಟ. ದೀಪ ಹಚ್ಚುವ ಹೊತ್ತಿಗೆ ಬಂದ. ತಲೆ ಒದ್ದೆ, ಮುಖ ತೊಳೆದ ತಟ್ಟೆಯ ಹಾಗೆ ಹೊಳೆಯುತ್ತಿತ್ತು, ಹತ್ತಿರ ಬಂದರೆ ಸೀಗೇಕಾಯಿಯ ವಾಸನೆ.

"ಮಾವ, ಎಂಥ ಜನ, ಎಂಥ ನೀರು!" ಎಂದ. "ಯಾರೋ ಕ್ಲಾರಿನೆಟ್ ಊದ್ತಾ ಇದ್ರು. ಕೇಳ್ತಾ ನಿಂತಿದ್ದೆ, ಒಳಗೆ ಕರೆದ್ರು. ಮನೆ ಒಳಗೇ ಬಾವಿ! ನಿನ್ನೆ ತಾನೇ ಬಂತಂತೆ. ಬೇಕಾದಷ್ಟು ಸೇದಿ ಹುಯ್ಕೊಳ್ಳಿ ಅಂದ್ರು."

ನಮ್ಮವರ ಕೈಯಲ್ಲಿದ್ದ ಎಲೆಗೆ ಸುಣ್ಣ ಹಚ್ಚುತ್ತಿದ್ದ ಬೆರಳು ನಿಂತಿತು. "ಪದ್ಧತಿ ಇದೆ ಅಂತ ಹೇಳಿರಲಿಲ್ವಾ?"

"ಅದನ್ನ ಅವರಿಗೂ ಹೇಳಿದೆ ಮಾವ. ಇಂಥ ಪದ್ಧತಿ ಈ ಊರಲ್ಲಿ ಕೇಳೇ ಇಲ್ಲ, ನಿಮಗೆ ಯಾರು ಹೇಳಿದ್ದು ಅಂದ್ರು. ನಮ್ಮ ಮಾವ, ಫೋಟೋ ಅಂಗಡಿ ಷಡಕ್ಷರಪ್ಪನವರು ಅಂದೆ." ಪಂಚಾಕ್ಷರಿ ಕಿವಿಯ ನೀರು ಒರೆಸಿಕೊಂಡು ಹೇಳಿದ, "ಬಹಳ ಹೊತ್ತು ನಕ್ಕರು."

ನಮ್ಮವರು ಆ ರಾತ್ರಿ ಊಟ ಮಾಡಲಿಲ್ಲ. ತೊಳೆಯಲು ಒಂದು ಎಲೆ ಕಡಿಮೆಯಾಯಿತಲ್ಲ ಎಂದು ನಾನೂ ಒತ್ತಾಯ ಮಾಡಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ಸರ್ವಮಂಗಳಕ್ಕನನ್ನು ನೋಡಲು ಹೊರಟೆ. ಮನೆಯವರೆಗೂ ಹೋಗಬೇಕಾಗಲಿಲ್ಲ, ಓಣಿಯ ತಿರುವಿನಲ್ಲೇ ಸಿಕ್ಕಿದರು. ಒಂದು ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ, ಇನ್ನೊಂದರಲ್ಲಿ ಕಾಫಿ ಲೋಟ. ಅಡಿಗೆಮನೆಯಲ್ಲಿ ಮಾಡಿದ್ದನ್ನು ನಡುಮನೆಯಲ್ಲಿ ಕೂತ ಗಂಡನಿಗೆ ಕೊಡಲು ಹಿತ್ತಿಲಿನಿಂದ ಇಳಿದು, ಓಣಿ ಸುತ್ತಿ, ಬೀದಿಗೆ ಬಂದು, ಮುಂಬಾಗಿಲಿನಿಂದ ಹೋಗುತ್ತಿದ್ದರು.

"ನೋಡಿದಿರಾ ಗಂಗಕ್ಕ ನನ್ನ ಗತಿ? ಚಟ್ನಿ ಮರೆತರೆ ಇನ್ನೊಂದು ಸುತ್ತು. ಉಪ್ಪು ಕಡಿಮೆ ಅಂದ್ರೆ ಇನ್ನೊಂದು. ಈಗ ಅವರು ಉಪ್ಪು ಕಡಿಮೆ ಅಂದ್ರೆ ನಂಗೆ ಕೇಳಿಸಲೇ ಇಲ್ಲ ಅಂತೀನಿ."

"ವಾಪಸು ಕಳಿಸೋಕೆ ಅವರಿಗೇನಂತೆ?"

"ಅಯ್ಯೋ, ಅವರಿಗೂ ಸಾಕಾಗಿದೆ. ಇವರು ಕ್ಲಾರಿನೆಟ್ ಊದಿದ್ರೆ ನಿಮ್ಮ ಬಾವೀನೂ ಒಳಗಿಂದ ಊದತ್ತೆ. ಅದೂ ಅರ್ಧ ಸ್ವರ ಕೆಳಗೆ! ನಾಳಿದ್ದು ಬ್ಯಾಂಡಿನ ಕಛೇರಿ ಇದೆ, ಅಭ್ಯಾಸ ಆಗ್ತಿಲ್ಲ. ಆದ್ರೆ ನಾನಾಗಿ ಅವನನ್ನ ಕರೆಯಲ್ಲ ಅಂತಾರೆ." ಆಮೇಲೆ ದನಿ ತಗ್ಗಿಸಿ, "ನಿಮ್ಮ ಹುಣಸೆಹಣ್ಣು ಕಟ್ಟೆ ಮೇಲಿತ್ತು. ನಿನ್ನೆ ಸಾರಿಗೆ ಸ್ವಲ್ಪ ಹಾಕಿದೆ, ತಪ್ಪು ತಿಳೀಬೇಡಿ" ಎಂದರು.

ಅಲ್ಲೇ ಗೋಡೆಗೆ ಒರಗಿ ಇಬ್ಬರೂ ಆ ಉಪ್ಪಿಟ್ಟನ್ನು ಹಂಚಿಕೊಂಡು ತಿಂದು ಒಂದು ಮಾತಿಗೆ ಬಂದೆವು. ಅವರು ಇವತ್ತಿನಿಂದ ಬೀದಿ ಸುತ್ತುವುದನ್ನು ನಿಲ್ಲಿಸಬೇಕು. ಕಾಫಿ ಬೇಕಾದವರು ಅಡಿಗೆಮನೆಗೆ ಬಂದು ಕುಡಿಯಲಿ. ನಾನು ನನ್ನ ಕಡೆಯಿಂದ ಒಂದು ದಾರಿ ಹುಡುಕಬೇಕು.

ದಾರಿ ಹುಡುಕುವುದು ಕಷ್ಟವಾಗಲಿಲ್ಲ. ಮನೆಗೆ ಬಂದು ಬಚ್ಚಲ ಹಂಡೆಗೆ ಸುಣ್ಣ ಕೆಮ್ಮಣ್ಣು ಬಳಿದು, ಹಬ್ಬಕ್ಕೆಂದು ತಂದ ಹಿಂಡಲೆಕಾಯಿ ಬಳ್ಳಿ ಸುತ್ತಿ, ಖಾಲಿ ಹಂಡೆಯ ಮುಂದೆ ಕೂತು ಹೇಳಿದೆ, "ನಾಳೆ ಬೆಳಿಗ್ಗೆ ಎಣ್ಣೆಸ್ನಾನಕ್ಕೆ ಅಳಿಯಂದ್ರನ್ನ ನಂಜುಂಡಯ್ಯನೋರ ಮನೆಗೇ ಕಳಿಸ್ತೀನಿ. ಅವರೇ ತಲೆಗೆ ಎಣ್ಣೆ ಒತ್ತಿ, ನೀರು ಹುಯ್ದು, ಪಂಚೆ ಉಡಿಸ್ತಾರಂತೆ."

ನಮ್ಮವರು ಬಾಗಿಲಿಗೆ ಕಟ್ಟುತ್ತಿದ್ದ ಮಾವಿನ ತೋರಣವನ್ನು ಕೈಬಿಟ್ಟರು. "ನನ್ನ ಅಳಿಯನಿಗೆ ಅವನು ಎಣ್ಣೆ ಒತ್ತೋದಾ?"

"ಅಳಿಯಂದ್ರೂ ಒಪ್ಪಿದಾರೆ" ಎಂದೆ. ಹೊರಗೆ ಪಂಚಾಕ್ಷರಿ ಆಗಲೇ ಟವೆಲು ಮಡಚುತ್ತಿದ್ದುದು ಕಾಣುತ್ತಿತ್ತು.

ಅದಕ್ಕಿಂತ ತಾವೇ ಹೋಗಿ ನಿಲ್ಲುವುದು ವಾಸಿ ಎಂದು ನಮ್ಮವರು ಒಪ್ಪಿದರು. ಸಂಜೆ ಇನ್ನೂ ಬೆಳಕಿರುವಾಗಲೇ ಹೊರಟೆವು. ದಾಕ್ಷಿ, ಅಳಿಯ, ನಾನು ಒಂದೊಂದು ಕೊಡ ಹಿಡಿದು ಮುಂಬಾಗಿಲಿನಿಂದ ಹೋದೆವು. ನಮ್ಮವರು ಅವರ ಮುಂಬಾಗಿಲು ತುಳಿಯುವುದಿಲ್ಲವೆಂದು ಹಿತ್ತಿಲಿನಿಂದ ಬಂದರು. ಹೀಗಾಗಿ ಬಾವಿಯ ಈ ಕಡೆ ನಡುಮನೆಯಲ್ಲಿ ನಂಜುಂಡಯ್ಯನವರು, ಆ ಕಡೆ ಅಡಿಗೆಮನೆಯಲ್ಲಿ ಒಲೆಯ ಪಕ್ಕ ನಮ್ಮವರು. ಬೆಳಗಿನಿಂದ ಕಾಫಿ ಕಾಣದ ನಂಜುಂಡಯ್ಯನವರ ಕಣ್ಣು ಕೆಂಪಾಗಿತ್ತು. ಆ ಕಡೆ ಸರ್ವಮಂಗಳಕ್ಕ ಒಲೆಯ ಮೇಲೆ ಡಿಕಾಕ್ಷನ್ ಇಟ್ಟಿದ್ದರು, ಅದರ ಘಮ ಬಾವಿಯ ಮೇಲಿನಿಂದ ದಾಟಿ ಬರುತ್ತಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ರಾಟೆಯನ್ನು ನೋಡಿದರು. ಕೊನೆಗೆ ನಂಜುಂಡಯ್ಯನವರು ಕಟ್ಟೆಯ ಮೇಲೆ ಬಗ್ಗಿ, ಬಾವಿಯೊಳಕ್ಕೆ ಹೇಳಿದರು, "ಕೆಲವರು ಮಧ್ಯಾಹ್ನದ ಹೊತ್ತು ಕಳ್ಳರ ಹಾಗೆ ಬಂದು ನೀರು ಸೇದಿದ್ದು ನನಗೆ ಗೊತ್ತಿದೆ. ನಿದ್ದೆ ಬಂದವನ ಹಾಗೆ ಮಲಗಿದ್ದೆ. ಮರ್ಯಾದೆಗೆ."

ನಮ್ಮವರೂ ಬಗ್ಗಿದರು. "ಕೆಲವರು ಬೇರೆಯವರ ಅಳಿಯನ ಎದುರು ಮಾವನ ಮಾತು ಹಿಡಿದು ನಕ್ಕಿದ್ದೂ ಗೊತ್ತಿದೆ."

"ಕ್ಲಾರಿನೆಟ್ ಊದೋನನ್ನ ಬೀಡಿ ಸೇದೋನು ಮಾಡಿದ್ದು ಯಾರು?"

"ಅಂಗಡೀಲಿದ್ದ ಕಟ್ಟು ಅಷ್ಟೇ ಇತ್ತು! ಕಟ್ಟಿಗೆ ತಕ್ಕ ಹಾಗೆ ಕತ್ತರಿಸಿದೆ. ಅದು ತಪ್ಪಾ?"

ಬಾವಿ ಅದನ್ನು ತೆಗೆದುಕೊಂಡು ಒಳಗೆ ಒಂದು ಸುತ್ತು ಹಾಕಿಸಿತು. "ತಪ್ಪಾ... ತಪ್ಪಾ..." ಎಂದಿತು. ಆಮೇಲೆ ಇನ್ನೂ ಕೆಳಗಿನಿಂದ, ಅರ್ಧ ಸ್ವರ ಇಳಿಸಿ, ಸ್ಪಷ್ಟವಾಗಿ "ತಪ್ಪು" ಎಂದಿತು.

ನಂಜುಂಡಯ್ಯನವರ ಮುಖ ಅರಳಿಬಿಟ್ಟಿತು. "ಕೇಳಿಸ್ತಾ? ನಿನ್ನ ಬಾವಿಯೇ ಹೇಳ್ತಿದೆ!"

"ಕೇಳಿಸ್ತು" ಎಂದರು ನಮ್ಮವರು, ಸಣ್ಣ ದನಿಯಲ್ಲಿ. "ಈಗ ನೀನೂ ಕೇಳು. ಬೀದೀಲಿ ನಿಂತು, ದೇವರ ತಲೆ ತೆಗೀತಾನೆ ಅಂತ ನನ್ನ ಹೊಟ್ಟೆ ಮೇಲೆ ಹೊಡೆದೆಯಲ್ಲ. ಅದು ಸರೀನಾ ಅಂತ ಕೇಳು."

ನಂಜುಂಡಯ್ಯನವರು ಉತ್ಸಾಹದಲ್ಲಿ ಬಗ್ಗಿ ಕೂಗಿದರು, "ಸರೀನಾ?"

ಬಾವಿ ಏನೂ ಹೇಳಲಿಲ್ಲ. ಎಲ್ಲರೂ ಕಿವಿಗೊಟ್ಟು ನಿಂತೆವು. ಒಳಗೆ ಒಂದು ಹನಿ ಬಿದ್ದ ಸದ್ದೂ ಇಲ್ಲ. ನಂಜುಂಡಯ್ಯನವರು ಬಗ್ಗಿದವರು ಬಗ್ಗಿದಂತೆಯೇ ಇದ್ದರು. ಮೆಲ್ಲಗೆ ಇನ್ನೊಮ್ಮೆ ಕೇಳಿದರು. ಆಗಲೂ ಇಲ್ಲ. ಎದ್ದು ನಿಂತಾಗ ಅವರ ಕಣ್ಣು ತೇವವಾಗಿತ್ತು. ನೀರಿನ ತಂಪಿಗೋ ಏನೋ.

"ಹೂಂ. ಅರ್ಥ ಆಯ್ತು" ಎಂದರು. "ಲೋ ಷಡಕ್ಷರಿ."

"ಏನೋ?"

"ಬಾ. ನೀರು ತಗೊಂಡು ಹೋಗು."

ಪಂಚಾಕ್ಷರಿ ಇಷ್ಟು ಹೊತ್ತೂ ಕೊಡ ಹಿಡಿದು, ಬಾಯಿ ತೆರೆದು ನೋಡುತ್ತಿದ್ದವನು ದಾಕ್ಷಿಯ ಕಿವಿಯಲ್ಲಿ, "ಇದೂ ನಿಮ್ಮ ಪದ್ಧತೀನಾ?" ಎಂದ. "ಇದೊಂದು ನಿಜವಾದದ್ದು" ಎಂದಳು ಅವಳು. ಸರ್ವಮಂಗಳಕ್ಕ ಕಾಫಿ ಲೋಟವನ್ನು ಬಾವಿಯ ಬಕೆಟ್ಟಿನೊಳಗೆ ಇಟ್ಟು, ಬಕೆಟ್ಟನ್ನು ರಾಟೆಯ ಹಗ್ಗದಲ್ಲಿ ತೂಗಿ ಈ ಕಡೆಗೆ ಕಳಿಸಿದರು. ಅಲುಗಾಡಿ ಅರ್ಧ ಚೆಲ್ಲಿತು. ಉಳಿದರ್ಧವನ್ನು ನಂಜುಂಡಯ್ಯನವರು ಒಂದೇ ಗುಟುಕಿಗೆ ಕುಡಿದು, ತಾವೇ ಹಗ್ಗ ಹಿಡಿದು ಸೇದಲು ನಿಂತರು.

ಆ ಸಂಜೆ ಬ್ಯಾಂಡ್ ಸೆಟ್ಟಿನವರೂ ಸೇರಿ ನಮ್ಮ ಹಂಡೆ ತುಂಬಿಸಿದರು. ಬೆಳಗಿನ ಜಾವ ನಮ್ಮವರು ಅಳಿಯನ ತಲೆಗೆ ಎಣ್ಣೆ ಒತ್ತಿದರು. ಪಂಚಾಕ್ಷರಿ ಬಚ್ಚಲಿಗೆ ಹೋದವನು ಊರಿನ ಪಟಾಕಿಯೆಲ್ಲ ಮುಗಿದ ಮೇಲೆ ಹೊರಗೆ ಬಂದ. ಹಂಡೆಯಲ್ಲಿ ನಮಗೆಂದು ಉಳಿದದ್ದು ಹೊರಗೆ ಬಳಿದ ಸುಣ್ಣ ಮಾತ್ರ.

ಹಬ್ಬ ಮುಗಿದ ಮೇಲೂ ಬಾವಿ ಅಲ್ಲಿಯೇ ಇತ್ತು. ಬಾ ಎಂದರೆ ಬರುವ ಜಾತಿಯಲ್ಲ ಅದು. ನಮ್ಮವರು ಬೆಳಿಗ್ಗೆ ಎದ್ದ ಕೂಡಲೇ ಕೊಡ ಹಿಡಿದು ನೀರಿಗೆ ಹೋಗತೊಡಗಿದರು. ಒಂದು ಕೊಡ ತರಲು ಅರ್ಧ ಬೆಳಗು ಬೇಕಾಗುತ್ತಿತ್ತು. ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕಟ್ಟೆಗೆ ಮೊಣಕೈ ಊರಿ ಕೂತು, ಇಷ್ಟು ವರ್ಷ ಆಡದ ಮಾತನ್ನೆಲ್ಲ ಆಡುತ್ತಿದ್ದರಂತೆ. ಮಧ್ಯೆ ಎರಡು ಸಲ ಜಗಳವೂ ಆಯಿತು. ಮಾರನೆಯ ಬೆಳಿಗ್ಗೆ ನೀರು ಬೇಕಿದ್ದರಿಂದ ಅದು ಬೆಳೆಯಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ, ಹಳೆಯ ಅಭ್ಯಾಸದಂತೆ ಮೋಟರ್ ಹಾಕಿ ತಿರುಗಿಸಿದ ಅಡಿಗೆಮನೆಯ ನಲ್ಲಿ ಕೆಮ್ಮಿ, ಕೆಂಪು ನೀರು ಕಾರಿ, ಆಮೇಲೆ ತಿಳಿಯಾಗಿ ಸುರಿಯತೊಡಗಿತು. ಹಿತ್ತಿಲಿಗೆ ಓಡಿದೆ. ಬಾವಿ ತನ್ನ ಜಾಗದಲ್ಲಿ, ಎಲ್ಲಿಗೂ ಹೋಗೇ ಇಲ್ಲದ ಹಾಗೆ ಕೂತಿತ್ತು. "ರೀ, ಬಂತು ನೋಡ್ರೀ!" ಎಂದು ಕೂಗಿದೆ. ನಮ್ಮವರು ಬಂದು ಬಾವಿಯನ್ನು ನೋಡಿದರು, ಒಳಗೆ ಹೋಗಿ ಸುರಿಯುತ್ತಿದ್ದ ನಲ್ಲಿಯನ್ನು ನೋಡಿದರು. ನಲ್ಲಿ ನಿಲ್ಲಿಸಿದರು. ಮೂಲೆಯಲ್ಲಿದ್ದ ಕೊಡವನ್ನು ತೆಗೆದುಕೊಂಡರು.

"ಎಲ್ಲಿಗ್ರೀ?"

"ನೀರಿಗೆ."

"ಬಾವಿ ಬಂದಿದೆಯಲ್ರೀ!"

"ಅದೇನೋ ಬಂದಿದೆ" ಎಂದು ಮೆಟ್ಟು ಹಾಕಿಕೊಂಡು ಹೊರಟೇಬಿಟ್ಟರು.

ಅಂದಿನಿಂದ ಇಂದಿನವರೆಗೂ ಒಂದು ದಿನ ತಪ್ಪಿಸಿಲ್ಲ. ನಂಜುಂಡಯ್ಯನವರ ಮನೆಯಲ್ಲಿ ಈಗ ಬಾವಿಯಿಲ್ಲ, ಲಾರಿಯಿಂದ ಹಿಡಿದಿಟ್ಟ ಒಂದು ಡ್ರಮ್ಮು ನೀರಿದೆ. ನಮ್ಮವರು ಹೋದ ಕೂಡಲೇ ಅವರು ಆ ಡ್ರಮ್ಮಿನಿಂದ ಮೊಗೆದು ಕೊಡ ತುಂಬಿಸಿ, "ಬಾ, ನೀರು ತಗೊಂಡು ಹೋಗು" ಎನ್ನುತ್ತಾರೆ. ಆಮೇಲೆ ಇಬ್ಬರೂ ಜಗಲಿಯ ಮೇಲೆ ಕೂರುತ್ತಾರೆ. "ದಿನ ಬಿಟ್ಟು ದಿನ ಬರೋ ನೀರು ಗಂಗಕ್ಕ, ಅದರಲ್ಲಿ ಬಾವಿ ಇರೋ ಮನೆಗೆ ಒಂದು ಕೊಡ!" ಎಂದು ಸರ್ವಮಂಗಳಕ್ಕ ನನ್ನ ಹತ್ತಿರ ಬಂದು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಗಂಡಸರಿಗೆ ಇದನ್ನು ಹೇಳುವುದು ಹೇಗೆ? ಬೆಳಿಗ್ಗೆ ಇವರು ತಂದಿಟ್ಟ ಕೊಡವನ್ನು ನಾನು ಮುಟ್ಟುವುದಿಲ್ಲ. ಸಂಜೆ ಇವರು ಅಂಗಡಿಯಲ್ಲಿರುವಾಗ ಅದನ್ನೇ ಎತ್ತಿಕೊಂಡು, ಓಣಿ ಸುತ್ತಿ, ಹಿತ್ತಿಲ ಬಾಗಿಲಿನಿಂದ ಹೋಗಿ ಸರ್ವಮಂಗಳಕ್ಕನ ಡ್ರಮ್ಮಿಗೆ ಸುರಿದು ಬರುತ್ತೇನೆ. ಹೋದವಳು ಹಾಗೇ ಬರಲಾಗುವುದಿಲ್ಲ, ಸ್ವಲ್ಪ ಕೂರುತ್ತೇನೆ. ನಮ್ಮ ಮನೆಯಲ್ಲಿ ರಾತ್ರಿಯ ಅಡಿಗೆ ಈಗ ದಿನವೂ ತಡ.